ಕಂಬದ ಮೇಲಿನ ನಾಲ್ವರು, ಬೆಟ್ಟದ ಮಾತಿನ ಒಬ್ಬರು

ಪೋಲೆಂಡಿನ ವಾರ್ಸಾಕ್ಕೆ ಬಂದ ಹೊಸದರಲ್ಲಿ ದೊಬ್ರಾ ಬೀದಿಯಲ್ಲಿ ನಡೆಯುತ್ತಿದ್ದಾಗ ಕಾಲು ತಾನಾಗಿ ನಿಂತುಬಿಟ್ಟಿತ್ತು. ವಿಶ್ವವಿದ್ಯಾಲಯದ ಗ್ರಂಥಾಲಯದ ಮುಂಗೋಡೆಯ ಮೇಲೆ ದೊಡ್ಡ ದೊಡ್ಡ ತಾಮ್ರದ ಫಲಕಗಳು. ಗ್ರೀಕ್, ಅರಬ್ಬಿ, ಹೀಬ್ರೂ ಬರಹಗಳ ಸಾಲಿನಲ್ಲೇ ಸಂಸ್ಕೃತವೂ ಇತ್ತು. ತವರಿನ ಕಡೆಯವರು ಯಾರೋ ಹೆಸರು ಹಿಡಿದು ಕೂಗಿದಂತಾಯಿತು.

ಒಳಗೆ ನಾಲ್ಕು ಎತ್ತರದ ಕಂಬಗಳು. ಅವುಗಳ ನೆತ್ತಿಯ ಮೇಲೆ ನಿಂತವರು ರಾಜರಲ್ಲ, ದಂಡನಾಯಕರಲ್ಲ; ತತ್ತ್ವಜ್ಞಾನಿಗಳು. ತ್ವಾರ್ದೊವ್‌ಸ್ಕಿ, ವುಕಾಶೆವಿಚ್, ಲೆಶ್ನೆವ್‌ಸ್ಕಿ, ತಾರ್ಸ್ಕಿ. 1895ರಲ್ಲಿ ಇಂದಿನ ಉಕ್ರೇನಿನ ಲ್ವಿವ್ ನಗರಕ್ಕೆ ಪಾಠ ಹೇಳಲು ಬಂದ ತ್ವಾರ್ದೊವ್‌ಸ್ಕಿ ಶಿಷ್ಯರಿಗೆ ಹಾಕಿಕೊಟ್ಟ ದಾರಿ ನೇರವಾದುದು: ಬರಹ ಮಬ್ಬಾಗಿದ್ದರೆ ಅದರ ಹಿಂದಿನ ಯೋಚನೆಯೂ ಮಬ್ಬೇ. ಕಷ್ಟವಾಗಿ ಬರೆದರೆ ಮಾತ್ರ ವಿದ್ವತ್ತು ಎಂದು ನಂಬಿದ್ದ ನನಗೆ ಈ ಮಾತು ನಾಟಿತು.

ತಾರ್ಸ್ಕಿಯ ಪರಿಚಯವಾದದ್ದು ನಮ್ಮ ಕಟ್ಟಡದ ಮೂರನೆಯ ಮಹಡಿಯ ಅಜ್ಜಿಯಿಂದ. ಅವರು ನಿವೃತ್ತ ಗಣಿತ ಶಿಕ್ಷಕಿ. ಸತ್ಯ ಎಂದರೇನು ಎಂದು 1933ರ ತನ್ನ ಗ್ರಂಥದಲ್ಲಿ ವಿವರಿಸುವಾಗ ತಾರ್ಸ್ಕಿ ಆರಿಸಿಕೊಂಡ ಉದಾಹರಣೆ, ಇಲ್ಲಿ ಪ್ರತಿ ಚಳಿಗಾಲ ಮಕ್ಕಳು ಕಿಟಕಿಗೆ ಮೂಗೊತ್ತಿ ಕೂಗುವ ಮಾತು: ‘ಶ್ನೆಗ್ ಪಾದಾ’, ಹಿಮ ಬೀಳುತ್ತಿದೆ. ಹಿಮ ಬೀಳುತ್ತಿದ್ದರೆ, ಆಗ ಮಾತ್ರ, ಆ ವಾಕ್ಯ ನಿಜ. ಅಷ್ಟು ಎಳೆಯ ಮಾತಿನಿಂದ ಹೊರಟು ತರ್ಕಶಾಸ್ತ್ರದ ದಿಕ್ಕನ್ನೇ ಬದಲಿಸಿದವನು ಆತ.

ಆದರೆ ಅಜ್ಜಿಗೆ ಪ್ರಾಣವಾದವರು ಕಂಬದ ಮೇಲಿಲ್ಲ. ಅವರು ಯೂಜೆಫ್ ತಿಶ್ನರ್: ಪಾದ್ರಿ, ಕ್ರಾಕುಫ್‌ನ ಪ್ರಾಧ್ಯಾಪಕ, ತಾತ್ರಾ ಬೆಟ್ಟದ ಸೀಮೆಯ ವೊಪುಷ್ನಾ ಹಳ್ಳಿಯಲ್ಲಿ ಬೆಳೆದವರು. ಜರ್ಮನ್ ತತ್ತ್ವಜ್ಞಾನಿ ಹುಸೆರ್ಲ್‌ನ ಶಿಷ್ಯ ಇಂಗಾರ್ಡನ್ ಅವರ ಬಳಿ ಕಲಿತು, ಹುಸೆರ್ಲ್‌ನ ಮೇಲೆಯೇ ಪ್ರಬಂಧ ಬರೆದವರು. ಅಂಥವರು 1997ರಲ್ಲಿ ಗ್ರೀಕ್ ತತ್ತ್ವಶಾಸ್ತ್ರದ ಚರಿತ್ರೆಯನ್ನು ತಮ್ಮೂರ ಬೆಟ್ಟದವರ ಆಡುಮಾತಿನಲ್ಲಿ ಬರೆದರು. ಅದರಲ್ಲಿ ಥೇಲ್ಸ್, ಸಾಕ್ರಟಿಸ್ ಎಲ್ಲರೂ ನಿಜಕ್ಕೂ ಬೆಟ್ಟದವರೇ, ಗ್ರೀಕರೆಂದು ಸುಮ್ಮನೆ ಹೇಳಿಕೊಂಡವರು!

ಒಂದು ಸಂಜೆ ಅಜ್ಜಿ ಅದನ್ನು ಜೋರಾಗಿ ಓದಿದರು. ಶಿಷ್ಟ ಪೋಲಿಶ್‌ನ ‘ಚ’ ಆ ಸೀಮೆಯವರ ಬಾಯಲ್ಲಿ ‘ತ್ಸ’ ಆಗುತ್ತದೆ, ‘ಶ’ ‘ಸ’ ಆಗುತ್ತದೆ. ಓದುತ್ತ ಓದುತ್ತ ಅವರ ದನಿಯೇ ಬದಲಾಯಿತು, ಬೆನ್ನು ನೆಟ್ಟಗಾಯಿತು. ನನಗೆ ಅರ್ಥವಾದದ್ದು ಕಾಲು ಭಾಗ. ಆದರೂ ವಚನಗಳನ್ನು ಕೇಳಿ ಬೆಳೆದ ಕಿವಿಗೆ ಆ ಧೈರ್ಯ ಹೊಸದಾಗಿರಲಿಲ್ಲ. ದನ ಕಾಯುವವನ ಮಾತಿನಲ್ಲಿ ಹೇಳಿದರೆ ತತ್ತ್ವ ಸಣ್ಣದಾಗುವುದಿಲ್ಲ ಎಂದು ನಮ್ಮವರೂ ತೋರಿಸಿಕೊಟ್ಟಿದ್ದಾರಲ್ಲ.

ತಿಶ್ನರ್ ಟಿವಿಯಲ್ಲಿ ಬಂದಾಗ ಮನೆಮಂದಿಯೆಲ್ಲ ಕುಳಿತು ನೋಡುತ್ತಿದ್ದರಂತೆ. ಆಕ್ಸ್‌ಫರ್ಡಿಗೆ ಹೋಗಿ ನೆಲೆಸಿದ್ದ ತತ್ತ್ವಜ್ಞಾನಿ ಕೊವಾಕೊವ್‌ಸ್ಕಿಯೂ ತೊಂಬತ್ತರ ದಶಕದಲ್ಲಿ ಇಲ್ಲಿನ ಟಿವಿಯಲ್ಲಿ ಕಿರು ಉಪನ್ಯಾಸಗಳನ್ನು ಕೊಟ್ಟರು. 1968ರಲ್ಲಿ ಇದೇ ವಾರ್ಸಾದ ವಿಶ್ವವಿದ್ಯಾಲಯದಿಂದ ಹೊರಹಾಕಲ್ಪಟ್ಟವರು ಹಾಗೆ ಮನೆಮನೆಯ ನಡುಮನೆಗೆ ಮರಳಿದರು.

ತಿಶ್ನರ್ ಗಂಟಲಿನ ಕ್ಯಾನ್ಸರಿನಿಂದ 2000ದಲ್ಲಿ ತೀರಿಕೊಂಡರು. ಕೊನೆಗೆ ದನಿ ಹೋಗಿತ್ತು. ಹೇಳಬೇಕಾದದ್ದನ್ನು ಬರೆದು ತೋರಿಸುತ್ತಿದ್ದರು. ಇದನ್ನು ಹೇಳಿ ಅಜ್ಜಿ ಪುಸ್ತಕ ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ, ಈಗ ನಿನ್ನ ಭಾಷೆಯಲ್ಲಿ ಏನಾದರೂ ಓದು ಎಂದರು. ನಾನು ಮೊಬೈಲ್ ತೆಗೆದು ಅಕ್ಕಮಹಾದೇವಿಯ ವಚನವೊಂದನ್ನು ಹುಡುಕಿದೆ.