ಸರೋವರದಲ್ಲಿ ಮೂರು ಡುಬ್ಬ

ಹೋದ ಶನಿವಾರ ಸಂಜೆ ನಾನು ನಮ್ಮೂರ ಸರೋವರದ ದಂತಕತೆಯ ಪ್ರಾಣಿ ಒಗೊಪೊಗೊವನ್ನು ನೋಡಿದೆ. ಹತ್ತು ನಿಮಿಷದ ಮಟ್ಟಿಗಾದರೂ ಹಾಗೇ ನಂಬಿದ್ದೆ.

ಗಾಳಿ ಬಿದ್ದುಹೋಗಿತ್ತು. ಓಕನಾಗನ್ ಸರೋವರ ಎಣ್ಣೆ ಹುಯ್ದ ಹಾಗೆ ನಿಂತಿತ್ತು. ದಡದಿಂದ ಸ್ವಲ್ಪ ದೂರದಲ್ಲಿ ಕಪ್ಪಗೆ ಒಂದು ಡುಬ್ಬ ಎದ್ದಿತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಮೂರೂ ಒಂದೇ ಅಂತರದಲ್ಲಿ ದಕ್ಷಿಣದ ಕಡೆಗೆ ಸಾಗಿದವು. ಕಣ್ಣಳತೆಯಲ್ಲಿ ದೋಣಿ ಒಂದೂ ಇರಲಿಲ್ಲ. ಫೋನ್ ಹಿಡಿದ ಕೈ ನಡುಗುತ್ತಿತ್ತು. ಆ ವಿಡಿಯೊದಲ್ಲಿ ಈಗಲೂ ನನ್ನ ಉಸಿರಿನ ಸದ್ದೇ ಜೋರಾಗಿ ಕೇಳುತ್ತದೆ.

ಕೆನಡಾದ ಈ ಕೆಲೋನಾ ಊರಿಗೆ ಬಂದು ಆರು ವರ್ಷವಾಯಿತು. ಸರೋವರದ ಉದ್ದ 135 ಕಿಲೋಮೀಟರ್, ಅಗಲ ಮಾತ್ರ ನಾಲ್ಕೈದು ಕಿಲೋಮೀಟರ್. ಆಳ ಕೆಲವು ಕಡೆ 230 ಮೀಟರ್ ದಾಟುತ್ತದೆ. ಹಾವಿನಂಥ ಮೈಯ ಪ್ರಾಣಿಯೊಂದು ಅದರಲ್ಲಿದೆ ಎಂದು ನೂರಕ್ಕೂ ಹೆಚ್ಚು ವರ್ಷಗಳಿಂದ ಜನ ಹೇಳುತ್ತ ಬಂದಿದ್ದಾರೆ. ಪೇಟೆಯ ಬೀದಿ ನೀರಿಗೆ ಮುಟ್ಟುವಲ್ಲಿ ಅದರದೊಂದು ಬೊಂಬೆ ನಿಲ್ಲಿಸಿದ್ದಾರೆ, ನನ್ನ ಮಗಳೂ ಅದರ ಬೆನ್ನೇರಿ ಫೋಟೊ ತೆಗೆಸಿಕೊಂಡಿದ್ದಾಳೆ. 1968ರಲ್ಲಿ ಆರ್ಟ್ ಫೋಲ್ಡನ್ ಎಂಬವರು ಪೀಚ್‌ಲ್ಯಾಂಡ್ ಹತ್ತಿರ ಕಾರು ನಿಲ್ಲಿಸಿ ತೆಗೆದ ಫಿಲ್ಮು ಬಹಳ ವರ್ಷ ದೊಡ್ಡ ಸಾಕ್ಷಿಯಾಗಿತ್ತು. ಆಮೇಲೆ ಅದೇ ಜಾಗದಲ್ಲಿ ದೂರ ಅಳೆದು ನೋಡಿದವರು, ಏನೋ ಒಂದು ಜೀವಿ ಈಜಿದ್ದು ನಿಜ, ಆದರೆ ಅದು ಹೇಳಿದಷ್ಟು ದೊಡ್ಡದಲ್ಲ, ನೀರುಕೋಳಿಯೋ ಬೀವರೋ ಇದ್ದೀತು ಎಂದರು. ಸಾಲಾಗಿ ಈಜುವ ನೀರುನಾಯಿಗಳ ಬೆನ್ನುಗಳು ಒಂದೇ ಉದ್ದನೆಯ ಪ್ರಾಣಿಯ ಹಾಗೆ ಕಾಣುತ್ತವೆ ಎಂದೂ ಹೇಳುತ್ತಾರೆ. ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಕೈ ನಡುಗಿತು.

ಪಕ್ಕದ ಮನೆಯ ಹಿರಿಯರು ಹುಟ್ಟಿ ಬೆಳೆದದ್ದೆಲ್ಲ ಇದೇ ದಡದಲ್ಲಿ. ವಿಡಿಯೊವನ್ನು ಎರಡು ಸಲ ನೋಡಿ, "ದೋಣಿ ಹೋಗಿ ಎಷ್ಟು ಹೊತ್ತಾಗಿತ್ತು?" ಎಂದು ಮೆಲ್ಲಗೆ ಕೇಳಿದರು. ನೆನಪು ಮಾಡಿಕೊಂಡೆ. ನಾನು ಬೆಂಚಿನ ಮೇಲೆ ಕೂತಾಗ ಒಂದು ದೊಡ್ಡ ಮೋಟಾರು ದೋಣಿ ಹೋಗಿತ್ತು. ನೀರು ಹೀಗೆ ನಿಶ್ಚಲವಾಗಿದ್ದರೆ ದೋಣಿ ಕಣ್ಮರೆಯಾದ ಎಷ್ಟೋ ಹೊತ್ತಿನ ಮೇಲೂ ಅದರ ಅಲೆ ಸಾಗುತ್ತಲೇ ಇರುತ್ತದಂತೆ. ದಡಕ್ಕೆ ಬಡಿದು ತಿರುಗಿ ಬಂದ ಅಲೆ ಇನ್ನೊಂದರ ಜೊತೆ ಸೇರಿದಲ್ಲಿ ಡುಬ್ಬ ಏಳುತ್ತದೆ. ಇಳಿಬಿಸಿಲಿನಲ್ಲಿ ಅದರ ನೆರಳಿನ ಮಗ್ಗುಲು ಕಪ್ಪಗೆ ಕಾಣುತ್ತದೆ. ಅವರು ಹೇಳಿದ್ದು ನೂರಕ್ಕೆ ನೂರು ಸರಿ.

ಮನೆಗೆ ಬಂದು ಮಗಳಿಗೆ ತೋರಿಸಿದೆ. ಅವಳಿಗೆ ಒಂಬತ್ತು ವರ್ಷ. ಕುಣಿಯುತ್ತಾಳೆ ಅಂದುಕೊಂಡಿದ್ದೆ. ಅವಳ ಮುಖ ಸಪ್ಪಗಾಯಿತು.

"ಅಮ್ಮಾ, ಅದನ್ನ ಹುಡುಕಬಾರದು. ಅದು ಪ್ರಾಣಿ ಅಲ್ಲ. ಅದು ನೀರಿನ ದೇವರು."

ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಈ ನೆಲದ ಮೂಲ ನಿವಾಸಿಗಳು ಸೀಲ್ಕ್ಸ್ ಜನ. ಅವರ ಮಾತಿನಲ್ಲಿ ಅದರ ಹೆಸರು ನ್‌ಹಹೈಟ್ಕು, ಸರೋವರದ ಪವಿತ್ರ ಚೇತನ ಎಂಬರ್ಥ. ನನ್ನ ನಾಲಿಗೆಗೆ ಆ ಹೆಸರು ಹೊರಳಲಿಲ್ಲ, ಮಗಳು ಮೂರು ಸಲ ತಿದ್ದಿದಳು. ನೀರು ದಾಟುವ ಮುಂಚೆ ಕಾಣಿಕೆ ಕೊಡುವುದು ಅವರ ರೂಢಿ. ವಲಸೆ ಬಂದ ಬಿಳಿಯರು ಅದನ್ನು ನೋಡಿ, ರಾಕ್ಷಸನಿಗೆ ಬಲಿ ಕೊಡುತ್ತಾರೆ ಎಂದು ಕತೆ ಕಟ್ಟಿದರು. 1926ರಲ್ಲಿ ವರ್ನನ್ ಊರಿನಲ್ಲಿ ಇಂಗ್ಲೆಂಡಿನ ತಮಾಷೆ ಹಾಡೊಂದರಿಂದ ಒಗೊಪೊಗೊ ಎಂಬ ಹೆಸರು ತಂದು ಅಂಟಿಸಿದರು. 1956ರಿಂದ ಆ ಹೆಸರಿನ ಹಕ್ಕು ವರ್ನನ್ ನಗರಸಭೆಯ ಕೈಯಲ್ಲಿತ್ತು. 2021ರಲ್ಲಿ ಅದನ್ನು ಒಂದು ಡಾಲರಿಗೆ ಓಕನಾಗನ್ ಮೂಲ ನಿವಾಸಿಗಳ ಒಕ್ಕೂಟಕ್ಕೆ ಒಪ್ಪಿಸಿದರು. ಆರು ವರ್ಷ ಇಲ್ಲಿದ್ದೂ ಇದನ್ನು ನಾನು ಮಗಳ ಬಾಯಿಂದ ಕೇಳಬೇಕಾಯಿತು. ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ನಮ್ಮದು ಕೋಲಾರದ ಕಡೆಯ ಹಳ್ಳಿ. ಅಜ್ಜಿ ಕೆರೆಗೆ ಇಳಿಯುವ ಮುಂಚೆ ಬೊಗಸೆ ನೀರು ಎತ್ತಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ನೀರಿನಲ್ಲಿ ಉಗುಳಿದರೆ ಬೆನ್ನಿಗೆ ಏಟು ಬೀಳುತ್ತಿತ್ತು. ಗಂಗಮ್ಮ ತಾಯಿ ಒಳಗಿದ್ದಾಳೆ ಎನ್ನುತ್ತಿದ್ದಳು. ಎಂಟನೇ ಕ್ಲಾಸಿನಲ್ಲಿ ವಿಜ್ಞಾನ ತಲೆಗೇರಿದ್ದ ನಾನು, "ಗಂಗಮ್ಮನ್ನ ಯಾರು ನೋಡಿದ್ದಾರೆ, ಹೇಳು" ಎಂದು ಸವಾಲು ಹಾಕಿದ್ದೆ. "ನೋಡೋಕೆ ಅವಳೇನು ಜಾತ್ರೆ ಆನೇನಾ?" ಎಂದು ಅಜ್ಜಿ ಕೊಡ ಎತ್ತಿಕೊಂಡು ನಡೆದಳು. ಉತ್ತರ ಗೊತ್ತಿಲ್ಲದೆ ತಪ್ಪಿಸಿಕೊಂಡಳು ಅಂತಲೇ ಇಷ್ಟು ವರ್ಷ ತಿಳಿದಿದ್ದೆ.

ಕೆರೆ ಕೋಡಿ ಬಿದ್ದ ವರ್ಷ ಊರೆಲ್ಲ ಏರಿಯ ಮೇಲೆ ಸೇರುತ್ತಿತ್ತು. ಹೊಸ ಮೊರದಲ್ಲಿ ಅರಿಶಿನ, ಕುಂಕುಮ, ಹಸಿರು ಬಳೆ, ಬೇಳೆ, ಬೆಲ್ಲ, ಪುಟ್ಟ ಕನ್ನಡಿ ಇಟ್ಟು, ಇನ್ನೊಂದು ಮೊರ ಮುಚ್ಚಿ ಬಾಗಿನ ಬಿಡುತ್ತಿದ್ದರು. ನಾನು ಕಂಡದ್ದು ಎರಡೇ ಸಲ. ಆಮೇಲೆ ಕೆರೆ ತುಂಬಲೇ ಇಲ್ಲ. ಅಂಗಳದಲ್ಲಿ ಜಾಲಿ ಬೆಳೆಯಿತು, ಸಾವಿರ ಅಡಿ ಕೊರೆಸಿದರೂ ಬೋರಿನಲ್ಲಿ ದೂಳೇ ಬರುತ್ತಿತ್ತು.

ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ನಮ್ಮ ಕಡೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ಈಗ ಕೆರೆ ತುಂಬಿದೆ, ಬತ್ತಿದ್ದ ಬೋರುಗಳಿಗೂ ಜೀವ ಬಂದಿದೆ. ಅದನ್ನು ಅಲ್ಲಗಳೆದರೆ ರೈತರಿಗೆ ದ್ರೋಹ ಮಾಡಿದ ಹಾಗೆ. ಆದರೆ ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಕೂಗು ನಿಂತಿಲ್ಲ. "ನೀರು ನೋಡಿದ್ರೆ ಖುಷಿ ಆಗುತ್ತೆ ಕಣೇ, ಕಣ್ಣಿಗೊತ್ತಿಕೊಳ್ಳೋಕೆ ಮಾತ್ರ ಕೈ ಬರಲ್ಲ" ಎಂದು ಅಮ್ಮ ಒಮ್ಮೆ ಅಂದಿದ್ದರು. ನನಗೆ ಆ ಮಾತು ಈ ವಾರ ಅರ್ಥವಾಯಿತು. ಗಂಗಮ್ಮ ಇಲ್ಲವೆಂದು ಸಾಧಿಸಿ ತೋರಿಸಿದ ನಮ್ಮಂಥವರು, ಅವಳ ಹೆಸರಿನಲ್ಲಿ ಅಜ್ಜಿ ಕಾದಿದ್ದ ನೀರನ್ನು ಕಾಯುವ ಕೆಲಸಕ್ಕೆ ಕೈ ಹಾಕಲೇ ಇಲ್ಲ.

ಭಾನುವಾರ ಸಂಜೆ ಮಗಳ ಜೊತೆ ಮತ್ತೆ ಸರೋವರಕ್ಕೆ ಹೋದೆ. ಊರಿನಲ್ಲಿ ಸೋಮವಾರದ ಬೆಳಗು. ವಿಡಿಯೊ ಕರೆಯಲ್ಲಿ ಅಮ್ಮ ಕಾಫಿ ಲೋಟ ಹಿಡಿದು ಕೂತಿದ್ದರು. ಮಗಳು ತನ್ನ ಅರ್ಧಂಬರ್ಧ ಕನ್ನಡದಲ್ಲಿ ನ್‌ಹಹೈಟ್ಕು ಕತೆಯನ್ನೆಲ್ಲ ಹೇಳಿದಳು. ಅಮ್ಮನಿಗೆ ಏನೂ ಬಿಡಿಸಿ ಹೇಳಬೇಕಾಗಲಿಲ್ಲ.

"ಗಂಗಮ್ಮನೇ ಬಿಡು," ಎಂದರು. "ಆ ನೀರು ಕುಡೀತೀರಾ?"

"ಹೂಂ ಅಜ್ಜಿ, ನಲ್ಲೀಲಿ ಬರೋದು ಇದೇ ನೀರು."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನ್ನ ಹೆಸರಲ್ಲಿ ಒಂದು ಚಿಟಿಕೆ ಅರಿಶಿನ ಬಿಡು ಪುಟ್ಟಿ."

"ಇಲ್ಲಿ ನೀರಿಗೆ ಏನೂ ಹಾಕಬಾರದು ಅಜ್ಜಿ."

"ಹೌದಾ? ಹಾಗಾದ್ರೆ ಬೇಡ. ನೀರಿನ ಹತ್ತಿರ ಹಿಡಿ, ನೋಡ್ತೀನಿ."

ಮಗಳು ಚಪ್ಪಲಿ ಬಿಟ್ಟು ದಡದ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈಯಲ್ಲಿ ಫೋನನ್ನು ನೀರಿನ ಕಡೆಗೆ ತಿರುಗಿಸಿ ಹಿಡಿದಳು. ಅಮ್ಮ ಕಾಫಿ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು.