ಮೊದಲ ಟ್ರಯಥ್ಲಾನ್ ಈಜುಕೊಳದ್ದೇ ಇರಲಿ

ನಮ್ಮ ಕೊಡಗಿನಲ್ಲಿ ಓಡುವವರಿಗೆ ಬರವಿಲ್ಲ. ಹಾಕಿ ಆಡಿಕೊಂಡೇ ಬೆಳೆದವರಿಗೆ 5 ಕಿಲೋಮೀಟರ್ ಓಟ ದೊಡ್ಡ ವಿಷಯವೇ ಅಲ್ಲ. ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು ಮುಗಿಸಬೇಕಾದ ಟ್ರಯಥ್ಲಾನ್ ಅಂದ ಕೂಡಲೇ ಹಿಂದೇಟು ಹಾಕುವುದು ಈಜಿಗೆ, ಅಲ್ವಾ? ಅಂಥವರು ಕೊಳದಲ್ಲಿ ಈಜುವ ಸ್ಪರ್ಧೆಯನ್ನೇ ಆರಿಸಿಕೊಳ್ಳಿ. ಕೆರೆಯಲ್ಲಿ ಕೆಳಗೆ ಏನೂ ಕಾಣುವುದಿಲ್ಲ. ಕೊಳದಲ್ಲಿ ತಳದ ಗೆರೆ ಕಾಣುತ್ತದೆ, ಸುಸ್ತಾದರೆ ಗೋಡೆ ಹಿಡಿದು ಉಸಿರು ತೆಗೆದುಕೊಂಡು ಮತ್ತೆ ಹೊರಡಬಹುದು.

ಸ್ಪ್ರಿಂಟ್ ಅನ್ನುವ ಚಿಕ್ಕ ದೂರದ ಟ್ರಯಥ್ಲಾನ್ ಅಂದರೆ 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. 25 ಮೀಟರ್ ಕೊಳದಲ್ಲಿ 750 ಮೀಟರ್‌ಗೆ 30 ಸಲ ದಾಟಬೇಕು. ಎಣಿಸುವವರು ಇದ್ದರೂ ನೀವೂ ಎಣಿಸುತ್ತಿರಿ. ಸಾಮಾನ್ಯವಾಗಿ ಎಲ್ಲರನ್ನೂ ಒಟ್ಟಿಗೆ ಬಿಡುವುದಿಲ್ಲ, ನೀವು ಮೊದಲೇ ಬರೆದುಕೊಟ್ಟ ಅಂದಾಜು ಸಮಯ ನೋಡಿ ಗುಂಪು ಮಾಡುತ್ತಾರೆ, ಇಲ್ಲವೇ ಕೆಲವು ಸೆಕೆಂಡಿಗೆ ಒಬ್ಬೊಬ್ಬರನ್ನು ಇಳಿಸುತ್ತಾರೆ. ಹಾಗಾಗಿ ನಿಜವಾದ ಸಮಯವನ್ನೇ ಬರೆಯಿರಿ. ಹಿಂದಿನವರು ಪಾದ ಮುಟ್ಟಿದರೆ ದಾರಿ ಕೇಳುತ್ತಿದ್ದಾರೆ ಅಂತ ಅರ್ಥ. ಗೋಡೆ ಮುಟ್ಟಿದಾಗ ಮೂಲೆಗೆ ಸರಿದು ಬಿಟ್ಟುಕೊಡಿ.

ನಿಜವಾಗಿ ತಬ್ಬಿಬ್ಬಾಗುವುದು ನೀರಿನಿಂದ ಎದ್ದ ಮೇಲೆ. ಅಷ್ಟು ಹೊತ್ತು ಅಡ್ಡ ಮಲಗಿದ್ದ ಮೈ ದಿಢೀರನೆ ನೆಟ್ಟಗಾದಾಗ ಸ್ವಲ್ಪ ತಲೆ ಸುತ್ತಬಹುದು, ಆದ್ದರಿಂದ ಸೈಕಲ್ ಇಟ್ಟ ಜಾಗಕ್ಕೆ ನಡೆದೇ ಹೋಗಿ. ಒದ್ದೆ ಕಾಲಿಗೆ ಸಾಕ್ಸ್ ಏರುವುದೇ ಇಲ್ಲ. ಅದನ್ನು ಮೊದಲೇ ಬೆರಳ ತನಕ ಸುತ್ತಿ, ಒಳಗೆ ಚೂರು ಪೌಡರ್ ಹಾಕಿ ಶೂ ಮೇಲೆ ಇಟ್ಟಿರಿ. ಸೈಕಲ್ ಮುಟ್ಟುವ ಮೊದಲೇ ಹೆಲ್ಮೆಟ್ ಬಕಲ್ ಬಿಗಿದಿರಬೇಕು, ವಾಪಸ್ ಬಂದು ಸೈಕಲ್ ನಿಲ್ಲಿಸಿದ ಮೇಲೆಯೇ ಬಿಚ್ಚಬೇಕು. ಒದ್ದೆ ಬೆರಳಲ್ಲಿ ಆ ಬಕಲ್ ಹಾಕುವುದನ್ನು ಮನೆಯಲ್ಲೇ ಮಾಡಿ ನೋಡಿ, ಸುಮ್ನೆ ಹೇಳುತ್ತಿಲ್ಲ.

ಮಡಿಕೇರಿಯ ಏರಿನಲ್ಲಿ ತುಳಿದವರಿಗೆ 20 ಕಿಲೋಮೀಟರ್ ಭಾರವಾಗದು. ಆದರೆ ಏರು ಹತ್ತಿ, ಇಳಿಜಾರಲ್ಲಿ ಕಾಲಿಗೆ ವಿರಾಮ ಕೊಡುವ ನಮ್ಮ ಅಭ್ಯಾಸ ಸಮತಟ್ಟು ರಸ್ತೆಯಲ್ಲಿ ಕೈಕೊಡುತ್ತದೆ. ಅಲ್ಲಿ ಒಂದೇ ಸಮ ತುಳಿಯುತ್ತಲೇ ಇರಬೇಕು. ಮಳೆಗಾಲದಲ್ಲಿ ಒದ್ದೆ ಎಲೆ, ಮಂಜು, ತಿರುವು ಜಾಸ್ತಿ, ಆಗ ಘಾಟಿ ಕಡೆ ಹೋಗುವುದೇ ಬೇಡ.

ಸೈಕಲ್ ಇಳಿದು ಓಡುವಾಗ ಮೊದಲ ಕೆಲವು ನಿಮಿಷ ಕಾಲು ನಮ್ಮದಲ್ಲ ಅನ್ನಿಸುತ್ತದೆ. ಹೆದರಬೇಡಿ, ಹೆಜ್ಜೆ ಚಿಕ್ಕದಾಗಿಡಿ, ಸರಿಹೋಗುತ್ತದೆ. ಭಾನುವಾರ ಬೆಳಗ್ಗೆ ಕುಶಾಲನಗರದ ಸಮತಟ್ಟು ರಸ್ತೆಯಲ್ಲಿ ಒಂದು ಗಂಟೆ ತುಳಿದು, ಇಳಿದ ತಕ್ಷಣ ಹತ್ತು ನಿಮಿಷ ಓಡಿ ನೋಡಿ.