ಕೂಗದ ಕೂಗರ್

ಕಣ್ಣಿನ ಪೊರೆಯ ಆಪರೇಷನ್ನಿಗೆಂದು ತೀರ್ಥಹಳ್ಳಿ ಕಡೆಯಿಂದ ಬಂದ ದೊಡ್ಡಪ್ಪ ಬೆಂಗಳೂರಿನ ನಮ್ಮ ಮನೆಯಲ್ಲಿ ಹತ್ತು ದಿನ ಇದ್ದರು. ಎಡಗಣ್ಣಿನ ಮೇಲೆ ಪ್ಲಾಸ್ಟಿಕ್ ಮುಚ್ಚಳ. ಪೇಪರ್ ಓದುವಂತಿಲ್ಲ, ತೋಟಕ್ಕೆ ಹೋಗೋಣವೆಂದರೆ ತೋಟವಿಲ್ಲ, ಒಂಬತ್ತಕ್ಕೇ ಮಲಗುವವರಿಗೆ ಇಲ್ಲಿನ ವಾಹನಗಳ ಸದ್ದಿನಲ್ಲಿ ನಿದ್ದೆಯೂ ಇಲ್ಲ. ಹಾಗಾಗಿ ಒಂದು ರಾತ್ರಿ ನಾನು ವಿಡಿಯೋ ಗೇಮ್ ಆಡುತ್ತಿದ್ದಾಗ ಪಕ್ಕದಲ್ಲಿ ಬಂದು ಕುಳಿತರು.

ಆಟ 'ರೆಡ್ ಡೆಡ್ ರಿಡೆಂಪ್ಷನ್ 2'. 2018ರಲ್ಲಿ ಬಂದದ್ದು, ಕತೆ ನಡೆಯುವುದು 1899ರ ಅಮೆರಿಕದಲ್ಲಿ. ಆರ್ಥರ್ ಮಾರ್ಗನ್ ಎಂಬ ದರೋಡೆಕೋರನಾಗಿ ನಾವು ಕುದುರೆಯ ಮೇಲೆ ಅಲೆಯಬೇಕು. ಆ ಸಂಜೆ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಗುಂಡಿಕ್ಕಿ ಕೊಂದಿದ್ದೆ. ನಡುವೆ ಕಾಫಿ ಕುಡಿದೆ, ಬಂದ ಫೋನಿಗೆ ಉತ್ತರಿಸಿದೆ. ದೊಡ್ಡಪ್ಪ ಒಂದೇ ಪ್ರಶ್ನೆ ಕೇಳಿದರು: "ಇವರೆಲ್ಲ ನಿನಗೆ ಏನು ಮಾಡಿದ್ದರು?" ನನಗೆ ನೆನಪಿರಲಿಲ್ಲ.

ಆಮೇಲೆ ಬಿಗ್ ವ್ಯಾಲಿ ಎಂಬ ಕಣಿವೆಗೆ ಕುದುರೆ ಹೊಡೆದೆ. ನೇರಳೆ ಹೂವುಗಳ ಬಯಲು, ಅಂಚಿನಲ್ಲಿ ಪೈನ್ ಮರಗಳು; ಆ ಆಟದ ಅತ್ಯಂತ ಚೆಂದದ ಜಾಗಗಳಲ್ಲಿ ಒಂದು. ಕುದುರೆಯ ಹೆಜ್ಜೆ ತಡವರಿಸಿತು. ತಲೆ ಎತ್ತಿ ಕೆನೆಯಿತು. ಇಂಥ ಹೊತ್ತಿಗೆಂದೇ ಆಟದಲ್ಲಿ ಒಂದು ಗುಂಡಿಯಿದೆ, ಒತ್ತಿದರೆ ಆರ್ಥರ್ ಕುದುರೆಯ ಕತ್ತು ತಟ್ಟಿ ಸಮಾಧಾನ ಮಾಡುತ್ತಾನೆ. ಒತ್ತಿದೆ.

"ಬರುವುದಿಲ್ಲ ಎನ್ನುತ್ತಿದೆಯಲ್ಲ ಮಾರಾಯ, ಯಾಕೆ ಹೊಡೆದುಕೊಂಡು ಹೋಗುತ್ತೀಯ?" ಎಂದರು ದೊಡ್ಡಪ್ಪ.

"ಏನೂ ಇಲ್ಲ ದೊಡ್ಡಪ್ಪ, ಆಟ ಇದು" ಎಂದೆ.

ಮರುಕ್ಷಣ ಕುದುರೆ ಮುಂಗಾಲೆತ್ತಿ ನನ್ನನ್ನು ಕೆಡವಿತು. ಎಡಗಡೆಯ ಹುಲ್ಲಿನಿಂದ ಮಣ್ಣಿನ ಬಣ್ಣದ್ದೇನೋ ಒಂದು ಬಂತು. ಅಷ್ಟೇ ಕಂಡದ್ದು. ಬಂದೂಕು ಎತ್ತುವುದರೊಳಗೆ ಆರ್ಥರ್ ಸತ್ತಿದ್ದ. ನನ್ನ ಕೈಯಲ್ಲಿದ್ದ ಕಂಟ್ರೋಲರ್ ನೆಲದ ಮೇಲಿತ್ತು, ಬಾಯಿಂದ ಹೊರಟ ಶಬ್ದಕ್ಕೆ ಹೆಂಡತಿ ಕೋಣೆಯಿಂದ ಎದ್ದು ಬಂದಳು. ಅದು ಕೂಗರ್, ಅಮೆರಿಕದ ದೊಡ್ಡ ಕಾಡುಬೆಕ್ಕು. ಕನ್ನಡದ ಕಿವಿಗೆ ಹೆಸರಿನಲ್ಲೇ ಕೂಗಿದೆ. ಬರುವಾಗ ಮಾತ್ರ ಒಂದಿಷ್ಟೂ ಕೂಗಲಿಲ್ಲ.

ಇಪ್ಪತ್ತು ಬಂದೂಕುಗಳಿಗೆ ಏರದ ಎದೆಬಡಿತ ಒಂದು ಬೆಕ್ಕಿಗೆ ಏರಿತೇಕೆ? ಇಂಥ ಆಟಗಳಲ್ಲಿ ಮನುಷ್ಯ ವೈರಿ ಎಂದರೆ ಮಹಾ ಬಾಯಿಬಡುಕ. "ಅಲ್ಲಿದ್ದಾನೆ", "ಗುಂಡು ತುಂಬುತ್ತಿದ್ದೇನೆ", "ಆ ಕಡೆಯಿಂದ ಸುತ್ತುವರಿಯಿರಿ" ಎಂದು ತನ್ನ ಉಪಾಯವನ್ನೆಲ್ಲ ಗಂಟಲು ಹರಿಯುವಂತೆ ಸಾರಿಯೇ ಬರುತ್ತಾನೆ. 2005ರ 'ಫಿಯರ್' ಆಟದ ಸೈನಿಕರು ಬಹಳ ಬುದ್ಧಿವಂತರೆಂದು ಹೆಸರು ಮಾಡಿದ್ದರಲ್ಲಿ ಈ ಕೂಗಾಟದ ಪಾಲು ಸಣ್ಣದಲ್ಲ. ಆಟ ತಯಾರಿಸುವವರು ಈ ತುಂಡು ಮಾತುಗಳನ್ನು ಕರೆಯುವುದೇ 'ಬಾರ್ಕ್' ಎಂದು, ಅಂದರೆ ಬೊಗಳು. ಮನುಷ್ಯರು ಬೊಗಳುತ್ತಾರೆ, ನಾವು ಕೇಳಿಸಿಕೊಂಡು ಗೋಡೆಯ ಹಿಂದೆ ಅಡಗುತ್ತೇವೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ಜಾಗ ಇನ್ನೊಂದಿರಲಾರದು.

ಪ್ರಾಣಿ ಈ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಅದು ಗೋಡೆಯ ಹಿಂದೆ ನಿಂತು ತನ್ನ ಸರದಿಗೆ ಕಾಯುವುದಿಲ್ಲ. ಗುಂಡು ಹಾರಿಸುವ ಆಟಗಳಲ್ಲಿ ಗುರಿಯ ಚುಕ್ಕೆಯನ್ನು ಆಳೆತ್ತರದಲ್ಲಿ, ಎದೆಗೋ ತಲೆಗೋ ಸರಿಯಾಗಿ ಇಟ್ಟುಕೊಳ್ಳುವುದು ವರ್ಷಗಳ ಅಭ್ಯಾಸದಿಂದ ಕೈಗೆ ಬಂದಿರುತ್ತದೆ. ಪ್ರಾಣಿ ಬರುವುದು ಮೊಣಕಾಲಿನ ಮಟ್ಟದಲ್ಲಿ. ಕಲಿತ ಕೈ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಈ ಪಾಠ ನನಗೆ ಮೊದಲು ಸಿಕ್ಕಿದ್ದು ಶಿವಮೊಗ್ಗದಲ್ಲಿ, ಗಂಟೆಗೆ ಹತ್ತು ರೂಪಾಯಿಗೆ ಪ್ಲೇಸ್ಟೇಷನ್ ಆಡಲು ಕೊಡುತ್ತಿದ್ದ ಒಂದು ಅಂಗಡಿಯಲ್ಲಿ. 1996ರ 'ರೆಸಿಡೆಂಟ್ ಈವಿಲ್' ಅಲ್ಲಿತ್ತು. ಅದರಲ್ಲಿ ಎದ್ದು ಬರುವ ಹೆಣಗಳು ಕಾಲೆಳೆಯುತ್ತ ನಿಧಾನಕ್ಕೆ ಬರುತ್ತವೆ; ಓಡಿ ತಪ್ಪಿಸಿಕೊಳ್ಳಲು ಸಮಯವಿರುತ್ತದೆ. ಒಂದು ಕಾರಿಡಾರಿನಲ್ಲಿ ಮಾತ್ರ ಕಿಟಕಿಯ ಗಾಜು ಒಡೆದು ನಾಯಿ ಒಳಗೆ ಹಾರುತ್ತದೆ. ಗೆಳೆಯನೊಬ್ಬ ಕುರ್ಚಿ ಸಮೇತ ಹಿಂದಕ್ಕೆ ಬಿದ್ದ. ಹೆಣ ನಡೆಯುವುದನ್ನು ನಾವು ಯಾರೂ ಕಂಡಿರಲಿಲ್ಲ. ನಾಯಿ ಅಟ್ಟಿಸಿಕೊಂಡು ಬರುವುದನ್ನು ಸೈಕಲ್ ತುಳಿದ ಪ್ರತಿಯೊಬ್ಬ ಹುಡುಗನೂ ಕಂಡಿದ್ದ. ಆ ಹೆದರಿಕೆಯನ್ನು ಆಟದವರು ಮಾಡಿಕೊಟ್ಟದ್ದಲ್ಲ. ನಮ್ಮ ಮೀನಖಂಡದಲ್ಲಿ ಮೊದಲೇ ಇತ್ತು.

ಎಲ್ಲ ಆಟಗಳೂ ಇದನ್ನು ಬಲ್ಲವೆಂದಲ್ಲ. 2014ರ 'ಫಾರ್ ಕ್ರೈ 4' ಎಂಬ ಆಟದಲ್ಲಿ, ಹಿಮಾಲಯದ ಮಡಿಲಿನ ಒಂದು ಕಲ್ಪಿತ ದೇಶದ ಹದ್ದುಗಳು ಮತ್ತೆ ಮತ್ತೆ ನೆತ್ತಿಗೆ ಎರಗುತ್ತವೆ. ಮೊದಲ ಸಲ ಬೆಚ್ಚಿದೆ, ಆರನೆಯ ಸಲಕ್ಕೆ ಸೊಳ್ಳೆಯನ್ನು ಬೈಯುವಂತೆ ಬೈದೆ. ಕಂಡಲ್ಲೆಲ್ಲ ಎರಗುವ ಮೃಗ ಮೃಗವಾಗಿ ಉಳಿಯುವುದಿಲ್ಲ, ರೆಕ್ಕೆ ಕಟ್ಟಿಕೊಂಡ ರೌಡಿಯಾಗುತ್ತದೆ. 2020ರ 'ದಿ ಲಾಸ್ಟ್ ಆಫ್ ಅಸ್' ಎರಡನೆಯ ಭಾಗದ ನಾಯಿಗಳು ಇದಕ್ಕೆ ವಿರುದ್ಧ. ಅವು ವಾಸನೆ ಹಿಡಿದು, ನಾನು ನಡೆದ ಹಾದಿಯಲ್ಲೇ ನಡೆದು ನನ್ನನ್ನು ಹುಡುಕುತ್ತವೆ. ಅಡಗಿದ ಗೋಡೆಗೆ ಅರ್ಥವೇ ಇಲ್ಲ. ಗುಂಡು ಹಾರಿಸಿದರೆ ಅವುಗಳ ಯಜಮಾನ ಹೆಸರು ಹಿಡಿದು ಅರಚುತ್ತಾನೆ. ಆ ಆಟವನ್ನು ಮುಗಿಸಿದ್ದೇನೆ, ಇನ್ನೊಮ್ಮೆ ಆಡುವ ಧೈರ್ಯವಿಲ್ಲ.

ಇದನ್ನೆಲ್ಲ ಆ ರಾತ್ರಿ ದೊಡ್ಡಪ್ಪನಿಗೆ ಒಂದು ಸಿದ್ಧಾಂತವೆಂಬಂತೆ ವಿವರಿಸಿದೆ. ಪ್ರಾಣಿ ಮಾತಾಡುವುದಿಲ್ಲ, ಅದಕ್ಕೇ ಭಯ ಎಂದೆ. ಅವರು ಒಪ್ಪಲಿಲ್ಲ.

"ಮಾತಾಡುವುದಿಲ್ಲ ಎಂದು ಯಾರು ಹೇಳಿದರು? ಕುದುರೆ ಹೇಳಿತಲ್ಲ. ನೀನು ಬೆನ್ನು ತಟ್ಟಿ ಬಾಯಿ ಮುಚ್ಚಿಸಿದೆ."

ಬೆನ್ನಲ್ಲ, ಕತ್ತು ಎಂದು ತಿದ್ದಲು ಹೋಗಿ ಸುಮ್ಮನಾದೆ.

ಅವರು ತಮ್ಮ ಚಿರತೆಯ ಕತೆ ಹೇಳಿದರು. ನಾನು ಚಿಕ್ಕವನಿದ್ದಾಗಲೇ ಕೇಳಿದ್ದೆ, ಈ ಕಿವಿಯಿಂದ ಕೇಳಿರಲಿಲ್ಲ. ಮಳೆ ಬಿಟ್ಟ ಒಂದು ಸಂಜೆ ತೋಟದ ಆಚೆಯ ಗುಡ್ಡದಲ್ಲಿ ಕಾಡುಕುರಿ ಬೊಗಳತೊಡಗಿತಂತೆ. ಜಿಂಕೆಯ ಜಾತಿಯಾದರೂ ಅದರ ಕೂಗು ನಾಯಿಯ ಬೊಗಳಿನ ಹಾಗೆಯೇ. ಸ್ವಲ್ಪ ಹೊತ್ತಿಗೆ ತೋಟದ ಅಂಚಿನ ಮರದಲ್ಲಿ ಮುಸಿಯಗಳು ಕೂಗಿದವು. ಆಮೇಲೆ ಎಲ್ಲ ನಿಂತಿತು. ಮನೆಯ ನಾಯಿ, ದಿನವೂ ಅಂಗಳದಲ್ಲಿ ಮಲಗುವುದು, ಒಳಗೆ ಬಂದು ಮಂಚದ ಕೆಳಗೆ ತೂರಿ ಬಾಲ ಮಡಚಿ ಕುಳಿತಿತು. ಒಂದು ಸಲವೂ ಬೊಗಳಲಿಲ್ಲ. ಟಾರ್ಚ್ ಹಿಡಿದು ಜಗಲಿಗೆ ಬಂದರೆ ಕಾಣಲು ಏನೂ ಇರಲಿಲ್ಲ. ಬೆಳಿಗ್ಗೆ ಕೊಟ್ಟಿಗೆಯ ಹಿಂದಿನ ಕೆಸರಿನಲ್ಲಿ ಹೆಜ್ಜೆ ಇತ್ತು.

"ಅದನ್ನು ನೋಡಲೇ ಇಲ್ಲವಾ ನೀವು?"

"ನೋಡಲಿಲ್ಲ. ಅದು ನೋಡಿರಬೇಕು."

ದೊಡ್ಡಪ್ಪನಿಗೆ ಈ ಆಟದ ಒಂದು ಸಂಗತಿ ಮಾತ್ರ ಬಹಳ ಹಿಡಿಸಿತು. ಅದರಲ್ಲಿ ಹೋಸಿಯಾ ಎಂಬ ಮುದುಕನೊಂದಿಗೆ ಆರ್ಥರ್ ಬೇಟೆಯಾಡಲು ಹೊರಡುವ ಭಾರೀ ಕರಡಿಯ ಹೆಸರು 'ಭಾರತಿ ಗ್ರಿಜ್ಲಿ'. ನಮ್ಮ ದೊಡ್ಡಮ್ಮನ ತಂಗಿಯ ಹೆಸರೂ ಭಾರತಿ. ಊರಿಗೆ ಫೋನ್ ಮಾಡಿ ಈ ಸುದ್ದಿ ಮುಟ್ಟಿಸಿದ ಮೇಲೇ ಅವರಿಗೆ ಸಮಾಧಾನ. ಈ ಆಟದ ಕರಡಿಗಳು ಕೆಲವು ಸಲ ಅಬ್ಬರಿಸಿ ನುಗ್ಗಿ ಬಂದು, ಅಲುಗಾಡದೆ ನಿಂತರೆ ಹಿಂದಿರುಗುತ್ತವೆ. ಆನೆಯೂ ಹಾಗೆ ಸುಳ್ಳು ನುಗ್ಗು ನುಗ್ಗುತ್ತದೆ ಎಂದು ದೊಡ್ಡಪ್ಪ ತಲೆದೂಗಿದರು. "ಇದನ್ನು ಮಾಡಿದವನು ಯಾರೋ ಕಾಡು ನೋಡಿದ್ದಾನೆ" ಎಂದರು. ಆಮೇಲೆ, ಕೊಂದ ಜಿಂಕೆಯ ಚರ್ಮವನ್ನು ಆರ್ಥರ್ ಸುಲಿಯತೊಡಗಿದಾಗ, ಎದ್ದು ಮಲಗಲು ಹೋದರು. ಸತ್ತ ಮನುಷ್ಯರ ಜೇಬನ್ನು ನಾನು ತಡಕುವುದನ್ನು ಅಷ್ಟು ಹೊತ್ತೂ ಕುಳಿತು ನೋಡಿದ್ದರು.

ಅವರು ಊರಿಗೆ ಹೊರಡುವ ಹಿಂದಿನ ರಾತ್ರಿ ಮತ್ತೆ ಅದೇ ಕಣಿವೆಗೆ ಹೋದೆ, ಹೆಡ್‌ಫೋನ್ ಹಾಕಿಕೊಂಡು. ಗಂಟೆ ಒಂದಾಗಿತ್ತು. ಪೈನ್ ಮರಗಳ ಅಂಚಿಗೆ ಬರುತ್ತಲೇ ಕುದುರೆ ತಡವರಿಸಿತು. ಕತ್ತು ತಟ್ಟುವ ಗುಂಡಿ ಹೆಬ್ಬೆರಳಿನ ಕೆಳಗೇ ಇತ್ತು, ಒತ್ತಲಿಲ್ಲ. ಹುಲ್ಲು ನೋಡಿದೆ, ಬಂಡೆಗಳನ್ನು ನೋಡಿದೆ. ಏನೂ ಇಲ್ಲ. ಕುದುರೆಯನ್ನು ತಿರುಗಿಸಿ ಬಂದ ದಾರಿಯಲ್ಲೇ ನಡೆಸಿದೆ. ತುಸು ದೂರ ಹೋದ ಮೇಲೆ ಅದರ ಹೆಜ್ಜೆ ಸರಿಹೋಯಿತು.

ಹೆಡ್‌ಫೋನ್ ತೆಗೆದೆ. ಕೆಳಗೆ ಬೀದಿಯಲ್ಲಿ ನಾಯಿಗಳು ಒಟ್ಟಾಗಿ ಬೊಗಳುತ್ತಿದ್ದವು. ಎದ್ದು ಕಿಟಕಿಯ ಹತ್ತಿರ ಹೋದೆ.

"ಬೊಗಳುತ್ತಿವೆಯಲ್ಲ, ಮಲಗು" ಎಂದರು ದೊಡ್ಡಪ್ಪ ಒಳಗಿನ ಕತ್ತಲೆಯಿಂದ.

ದೀಪ ಆರಿಸಿ ಮಲಗಿದೆ. ಐದು ನಿಮಿಷವಾಗಿರಬಹುದು, ನಾಯಿಗಳೆಲ್ಲ ಒಮ್ಮೆಲೇ ಸುಮ್ಮನಾದವು.